ಹಳೆಯ ಕಂಪ್ಯೂಟರಿಗೆ ಮರಣಪತ್ರ ಬರೆಯುವ ಮುನ್ನ

ಮನೆಗೆ ಹೊಸ ರೌಟರ್ ಬಂದ ದಿನ ಫೋನುಗಳು, ಟಿವಿ ಎಲ್ಲವೂ ಚುರುಕಾಗುತ್ತವೆ. ಹತ್ತು ಹನ್ನೆರಡು ವರ್ಷದ ಲ್ಯಾಪ್‌ಟಾಪ್ ಒಂದಕ್ಕೆ ಮಾತ್ರ ಗ್ರಹಣ ಬಡಿಯುತ್ತದೆ. ಪಕ್ಕದ ಫ್ಲ್ಯಾಟಿನವರ ವೈ-ಫೈ ಹೆಸರು ಅದಕ್ಕೆ ಕಾಣುತ್ತದೆ, ಸ್ವಂತ ಮನೆಯದು ಕಾಣುವುದಿಲ್ಲ. ರೌಟರ್ ಕೂರಿಸಲು ಬಂದ ಹುಡುಗ ಒಮ್ಮೆ ಇಣುಕಿ ನೋಡಿ ತೀರ್ಪು ಕೊಡುತ್ತಾನೆ: ಇದು ಹಳೇದು, ಹೊಸದು ತಗೊಳ್ಳಿ. ಪುಣೆಯಲ್ಲಿ ಮರಾಠಿಯಲ್ಲಿ, ಚೆನ್ನೈಯಲ್ಲಿ ತಮಿಳಿನಲ್ಲಿ, ದೆಹಲಿಯಲ್ಲಿ ಹಿಂದಿಯಲ್ಲಿ ಹೇಳಿದರೂ ಮಾತು ಒಂದೇ. ಆ ತೀರ್ಪು ಬಹಳ ಸಲ ತಪ್ಪು.

ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಯಂತ್ರ ರಾತ್ರೋರಾತ್ರಿ ಕೆಟ್ಟಿಲ್ಲ. ಬದಲಾಗಿರುವುದು ರೌಟರ್. ಹಾಗಾಗಿ ಮೊದಲು ಪ್ರಶ್ನೆ ಕೇಳಬೇಕಾದದ್ದು ರೌಟರನ್ನೇ.

ಈಗಿನ ರೌಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಪಟ್ಟಿಗಳಲ್ಲಿ ಮಾತಾಡುತ್ತವೆ. ಅಗ್ಗದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕಕ್ಕೆ 2.4 ಮಾತ್ರ ಕೇಳಿಸುತ್ತದೆ. ಹೆಸರಿನ ಕೊನೆಗೆ 5ಜಿ ಎಂದಿರುವ ನೆಟ್‌ವರ್ಕನ್ನಷ್ಟೇ ತೋರಿಸಿಕೊಟ್ಟು ಹೋದರೆ ಅವು ಏನು ಮಾಡಬೇಕು? ಮಗನೋ ಮಗಳೋ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪಿಗೆ ಇನ್ನೊಂದು ತೊಡಕಿದೆ. ಭಾರತದಲ್ಲಿ 2.4ರ ಪಟ್ಟಿಯಲ್ಲಿ 12 ಮತ್ತು 13ನೇ ಚಾನಲ್‌ಗಳನ್ನೂ ಬಳಸಬಹುದು. ಅಮೆರಿಕದ ನಿಯಮಕ್ಕೆ ಹೊಂದಿಸಿದ ಕಾರ್ಡುಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ರೌಟರ್ ತಾನಾಗಿ 13ನ್ನು ಆರಿಸಿಕೊಂಡರೆ ಆ ಯಂತ್ರದ ಪಾಲಿಗೆ ಮನೆಯಲ್ಲಿ ವೈ-ಫೈ ಇಲ್ಲ.

ಎರಡನೆಯದು ಬೀಗ. 2018ರಲ್ಲಿ ಬಂದ ಡಬ್ಲ್ಯುಪಿಎ3 ಭದ್ರತೆ ವಿಂಡೋಸ್ 7ಕ್ಕೆ ಅರ್ಥವಾಗುವುದಿಲ್ಲ. ವಿಂಡೋಸ್ 10ಕ್ಕೂ ಅದು ಸೇರಿದ್ದು 2019ರ ಆವೃತ್ತಿಯಲ್ಲಿ. ರೌಟರಿನಲ್ಲಿ ಅದೊಂದನ್ನೇ ಇಟ್ಟಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯದು. ಮೂರನೆಯದು ಡ್ರೈವರ್. ಕೆಲವು ಹಳೆಯ ಡ್ರೈವರುಗಳಿಗೆ ವೈ-ಫೈ 6 ರೌಟರಿನ ಹೆಸರೇ ಕಾಣುವುದಿಲ್ಲ. ಇಂಟೆಲ್ ಕಂಪನಿಯೇ ತನ್ನ ಹಳೆಯ ಡ್ರೈವರುಗಳ ವಿಷಯದಲ್ಲಿ ಇದನ್ನು ಹೇಳಿ, ಹೊಸತನ್ನು ಹಾಕಿಕೊಳ್ಳಲು ಸೂಚಿಸಿದೆ.

ಪರಿಹಾರ ಬಹುಪಾಲು ರೌಟರಿನ ಸೆಟ್ಟಿಂಗ್ಸ್ ಪುಟದಲ್ಲೇ ಇದೆ. 2.4ಕ್ಕೆ ಬೇರೆ ಹೆಸರು ಕೊಡುವುದು, ಚಾನಲನ್ನು 1, 6 ಅಥವಾ 11ಕ್ಕೆ ನಿಲ್ಲಿಸುವುದು, ಭದ್ರತೆಯನ್ನು ಡಬ್ಲ್ಯುಪಿಎ2 ಎಇಎಸ್‌ಗೆ ಇಡುವುದು, ಆಗಲೂ ಕಾಣದಿದ್ದರೆ ಆ ಪಟ್ಟಿಯಲ್ಲಿ ವೈ-ಫೈ 6ನ್ನು ಆಫ್ ಮಾಡುವುದು. ಬಳಿಕ ಲ್ಯಾಪ್‌ಟಾಪಿನಲ್ಲಿ ಹಳೆಯ ಸಂಪರ್ಕವನ್ನು ಅಳಿಸಿ ಹೊಸದಾಗಿ ಸೇರಿಸಬೇಕು. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಲ್ಲ ಎನ್ನುವವರಿಗೆ ಲ್ಯಾನ್ ಕೇಬಲ್ ಇದೆ. ಒಳಗಿನ ಕಾರ್ಡ್ ನಿಜಕ್ಕೂ ಸತ್ತಿದ್ದರೂ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈ-ಫೈ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಇಷ್ಟನ್ನು ಮಾಡಬೇಕಾದವರು ಯಾರು? ಎಪ್ಪತ್ತು ದಾಟಿದ ಅಜ್ಜನಂತೂ ಅಲ್ಲ. ರೌಟರ್ ಬದಲಿಸುವವರು ‘ಮನೆಯಲ್ಲಿ ಹಳೆಯ ಯಂತ್ರ ಏನಿದೆ?’ ಎಂದು ಕೇಳಿ, ಅದೂ ಸೇರಿಕೊಂಡಿತೆಂದು ನೋಡಿದ ಮೇಲೆಯೇ ಕೆಲಸ ಮುಗಿಯಿತು ಎನ್ನಬೇಕು. ಹೊಸ ನಲ್ಲಿ ಹಾಕಿದ ಪ್ಲಂಬರ್ ಹಳೆಯ ಪೈಪಿನಲ್ಲಿ ನೀರು ಬರುತ್ತಿದೆಯೇ ಎಂದು ನೋಡದೆ ಹೋದರೆ ಯಾರೂ ಸುಮ್ಮನೆ ಬಿಡುವುದಿಲ್ಲ. ಇಲ್ಲಿ ಮಾತ್ರ ಗ್ರಾಹಕನೇ ತಲೆ ತಗ್ಗಿಸುತ್ತಾನೆ.

ಹಳೆಯ ಯಂತ್ರಕ್ಕಾಗಿ ಇಡೀ ಮನೆಯ ಭದ್ರತೆ ಸಡಿಲಿಸಬೇಕೇ ಎಂಬ ಆಕ್ಷೇಪಕ್ಕೆ ತೂಕವಿದೆ. 2001ರಲ್ಲೇ ಮುರಿದುಬಿದ್ದ ಡಬ್ಲ್ಯುಇಪಿಗೆ ಯಾರೂ ಮರಳಬಾರದು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಂತಿದೆ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ, ಅದನ್ನು ಅತಿಥಿಗಳಿಗೆಂದು ಇರುವ ಗೆಸ್ಟ್ ನೆಟ್‌ವರ್ಕಿನಲ್ಲಿ ಬೇರೆಯಾಗಿ ಇಡುವುದೇ ಮೇಲು. ಆದರೆ ಬೇರೆ ಇಡುವುದು ಬೇರೆ, ಹೊರಹಾಕುವುದು ಬೇರೆ.

ಹೊರನಾಡಿನ ಕನ್ನಡ ಮನೆಗಳಿಗೆ ಇದರಲ್ಲಿ ಇನ್ನೂ ಒಂದು ಲೆಕ್ಕವಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪಿಸಿದ ಬರಹಗಳು ಉಳಿದಿರುವುದು ಇಂಥ ಯಂತ್ರಗಳಲ್ಲೇ. ಸಂಘದ ವರದಿ, ನಾಟಕದ ಪ್ರತಿ, ತೀರಿಕೊಂಡ ಅಪ್ಪ ಬರೆದಿಟ್ಟ ಊರಿನ ನೆನಪು. ಆ ಹಳೆಯ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸಿ ಎಲ್ಲರಿಗೂ ಕಳಿಸುವ ತನಕವಾದರೂ ಆ ಲ್ಯಾಪ್‌ಟಾಪ್ ಬದುಕಿರಬೇಕು. ಗುಜರಿಯವನು ಅದನ್ನು ತೂಕಕ್ಕೆ ಹಾಕುವ ಮುನ್ನ ರೌಟರಿನ ಮುಂದೆ ಕಾಲು ಗಂಟೆ ಕುಳಿತರೆ ನಷ್ಟವೇನಿಲ್ಲ.