ನೇರ ಮಾರಾಟ ಮಾಡುವ ರೈತರಿಗೆ ಕಾರ್ಡು, ಕ್ಯೂಆರ್ ಬೇಕೆ?



ಅಡಿಕೆಯನ್ನು ಮಂಡಿಗೆ ಹಾಕಿ, ಪಟ್ಟಿ ಪಡೆದು ಊರಿಗೆ ಮರಳುವವರಿಗೆ ಹಣ ಪಡೆಯುವ ಬಗೆಯನ್ನು ಕುರಿತು ಹೆಚ್ಚಿನ ಚಿಂತೆಯಿಲ್ಲ. ಆದರೆ ಜೇನು, ಬೆಲ್ಲ, ಕಾಳುಮೆಣಸು, ಸಸಿ, ತರಕಾರಿಗಳನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಗ್ರಾಹಕರಿಗೆ ನೇರವಾಗಿ ಮಾರುವವರ ಸ್ಥಿತಿ ಬೇರೆ. ಅವರು ರೈತರೂ ಹೌದು, ಅಂಗಡಿಯವರೂ ಹೌದು. ಕೊಳ್ಳುವವರಲ್ಲಿ ಅನೇಕರು ಈಗ ಜೇಬಿನಲ್ಲಿ ನೋಟು ಇಟ್ಟುಕೊಂಡು ಬರುವುದಿಲ್ಲ. ಹೀಗಿರುವಾಗ 2025ರ ಜುಲೈನಲ್ಲಿ ನಮ್ಮ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳು ಕ್ಯೂಆರ್ ಫಲಕಗಳನ್ನು ತೆಗೆದು, "ನಗದು ಮಾತ್ರ" ಎಂದು ಬರೆದು ಹಾಕಿದರು. ನೇರ ಮಾರಾಟದ ರೈತರೂ ಹಾಗೆಯೇ ಮಾಡಬೇಕೆ? ಬೇಡವೆಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ವಿವರಿಸುತ್ತೇನೆ.

ಭಯ ಹುಟ್ಟಿದ್ದು ಹೇಗೆ?

ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಅಗತ್ಯ. ಆದರೆ ಹಾಲು, ತರಕಾರಿ, ಹಣ್ಣುಗಳಂತಹ ತೆರಿಗೆಯಿಲ್ಲದ ಸರಕು ಮಾರಿದವರಿಗೂ ನೋಟಿಸು ಹೋಯಿತು. ನೆಂಟರು ಕಳಿಸಿದ ಹಣ, ಕೈಗಡ ವಾಪಸು ಬಂದ ಹಣ, ವ್ಯಾಪಾರದ ಹಣ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿದ್ದುದು ಗೊಂದಲವನ್ನು ಹೆಚ್ಚಿಸಿತು.

ರೈತರು ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ತನ್ನ ಜಮೀನಿನಲ್ಲಿ ಬೆಳೆದುದನ್ನು ಮಾರುವ ಕೃಷಿಕನು ಆ ಮಾರಾಟದ ಮಟ್ಟಿಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ನೆರೆಯವರ ಮಾಲನ್ನು ಕೊಂಡು ಮಾರಿದರೆ ಅದು ವ್ಯಾಪಾರ. ಬಾಳೆಕಾಯಿ ಮಾರುವುದು ಬೇರೆ, ಚಿಪ್ಸ್ ಮಾಡಿ ಪೊಟ್ಟಣ ಕಟ್ಟಿ ಮಾರುವುದು ಬೇರೆ. ಇಂಥವರೂ, ಹೊರರಾಜ್ಯಕ್ಕೆ ಸರಕು ಕಳಿಸುವವರೂ ತೆರಿಗೆ ಬಲ್ಲವರ ಸಲಹೆ ಪಡೆಯುವುದು ಲೇಸು.

ನಗದಿನಲ್ಲಿ ಮಾರಿದರೂ ಕಾನೂನು ಅದೇ. ಬದಲಾಗುವುದು ಒಂದೇ: ನಿಮ್ಮ ಕೈಯಲ್ಲಿ ದಾಖಲೆ ಇರುವುದಿಲ್ಲ. ನಾಳೆ ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಇದೇ ದಾಖಲೆ ನಿಮ್ಮ ವ್ಯವಹಾರಕ್ಕೆ ಸಾಕ್ಷಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು.

ಯಾವುದಕ್ಕೆ ಎಷ್ಟು ಖರ್ಚು?

ಗೊಬ್ಬರ ಕೊಳ್ಳುವಾಗ ಪೋಷಕಾಂಶದ ಲೆಕ್ಕ ಹಾಕುವಂತೆ ಇಲ್ಲಿಯೂ ಲೆಕ್ಕ ಹಾಕಬೇಕು. ಯುಪಿಐ 2016ರಲ್ಲಿ ಬಂದಿತು. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ವ್ಯಾಪಾರಿಯಿಂದ ಪಡೆಯುತ್ತಿದ್ದ ಶುಲ್ಕವನ್ನು ತೆಗೆಯಲಾಯಿತು. ಇತರ ಡೆಬಿಟ್ ಕಾರ್ಡುಗಳಿಗೆ, ವಾರ್ಷಿಕ 20 ಲಕ್ಷದವರೆಗೆ ವಹಿವಾಟಿರುವ ಅಂಗಡಿಗಳಲ್ಲಿ, ನೂರಕ್ಕೆ 40 ಪೈಸೆಯ ಮಿತಿಯನ್ನು ರಿಸರ್ವ್ ಬ್ಯಾಂಕ್ 2018ರಿಂದ ಜಾರಿಗೆ ತಂದಿತು. ಕ್ರೆಡಿಟ್ ಕಾರ್ಡಿನ ಮಾತು ಬೇರೆ.

ಬೆಂಗಳೂರಿನ ಗ್ರಾಹಕರೊಬ್ಬರು 10,000 ರೂಪಾಯಿಯ ಜೇನು, ಮೆಣಸು ತರಿಸಿಕೊಂಡರೆಂದು ಇಟ್ಟುಕೊಳ್ಳಿ. ನೀವು ಕಂಪ್ಯೂಟರಿನಿಂದ ಪಾವತಿ ಕೊಂಡಿ ಕಳಿಸುತ್ತೀರಿ. ಅವರು ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟುತ್ತಾರೆ. ಶುಲ್ಕ ನೂರಕ್ಕೆ 2 ರೂಪಾಯಿ ಇದ್ದರೆ 200 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 36 ರೂಪಾಯಿ. ಒಟ್ಟು 236 ರೂಪಾಯಿ. ನಿಮಗೆ ಉಳಿಯುವ ಲಾಭ 1,500 ರೂಪಾಯಿ ಇದ್ದರೆ, ಅದರ ಸುಮಾರು ಆರನೆಯ ಒಂದು ಪಾಲು ಶುಲ್ಕಕ್ಕೇ ಹೋಯಿತು! ಕಾರ್ಡ್ ಯಂತ್ರ ಇಟ್ಟುಕೊಂಡರೆ ತಿಂಗಳ ಬಾಡಿಗೆಯೂ ಬೀಳಬಹುದು.

ಆದುದರಿಂದ ನನ್ನ ಸಲಹೆ ಇಷ್ಟು. ಎಲ್ಲ ನೇರ ಮಾರಾಟಗಾರರೂ ಕ್ಯೂಆರ್ ಇಡಲಿ. ದೂರದ ಬೇಡಿಕೆ ಇರುವವರು ಮಾತ್ರ ಕಂಪ್ಯೂಟರಿನ ಪಾವತಿ ಸೌಲಭ್ಯ ಪಡೆಯಲಿ ಮತ್ತು ಬೆಲೆ ಕಟ್ಟುವಾಗಲೇ ಶುಲ್ಕವನ್ನು ಸೇರಿಸಿಕೊಳ್ಳಲಿ. ವರ್ಷವಿಡೀ ನಡೆಯುವ ಮಳಿಗೆ ಇಲ್ಲದವರಿಗೆ ಕಾರ್ಡ್ ಯಂತ್ರ ಅನಗತ್ಯ.

ಪಾಲಿಸಬೇಕಾದ ಅಂಶಗಳು

1. ಮಾರಾಟಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಮನೆಯ ಹಣ ಅದರಲ್ಲಿ ಬೆರೆಯದಿರಲಿ.

2. ಸ್ವಂತ ಬೆಳೆ ಯಾವುದು, ಕೊಂಡು ಮಾರಿದ್ದು ಯಾವುದು ಎಂದು ಪುಸ್ತಕದಲ್ಲಿ ಅಂದಂದೇ ಬರೆಯಿರಿ. ಪಹಣಿಯಲ್ಲಿ ಬೆಳೆಯ ಹೆಸರು ಸರಿಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ.

3. ಗ್ರಾಹಕರು ತೋರಿಸುವ ಫೋನಿನ ಚಿತ್ರವನ್ನು ನಂಬಿ ಸರಕು ಕೊಡಬೇಡಿ. ಹಣ ನಿಮ್ಮ ಖಾತೆಗೆ ಬಂದುದನ್ನು ಖಚಿತಪಡಿಸಿಕೊಳ್ಳಿ.

4. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿರೆಂದು ಹೇಳುವವರು ಮೋಸಗಾರರು. ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಿ.

5. ಗ್ರಾಹಕರ ಕಾರ್ಡಿನ ಸಂಖ್ಯೆಯನ್ನು ಕಂಪ್ಯೂಟರಿನಲ್ಲಾಗಲಿ, ಪುಸ್ತಕದಲ್ಲಾಗಲಿ ಬರೆದಿಡಬೇಡಿ.

6. ಬೆಳಗಿನ ಮಾರಾಟಕ್ಕೆ ಕುಳಿತಾಗ, ಅಂಟಿಸಿರುವ ಕ್ಯೂಆರ್ ನಿಮ್ಮದೇ ಹೌದೋ ಅಲ್ಲವೋ ಪರೀಕ್ಷಿಸಿ.

ಮಧ್ಯವರ್ತಿಯ ಪಾಲು ನಮಗೇ ಉಳಿಯಲಿ ಎಂದು ನೇರ ಮಾರಾಟಕ್ಕೆ ಇಳಿದ ರೈತರು, ಮಧ್ಯವರ್ತಿ ಮಾಡುತ್ತಿದ್ದ ಲೆಕ್ಕದ ಕೆಲಸವನ್ನೂ ತಾವೇ ಮಾಡಬೇಕು. ದಿನಕ್ಕೆ ಕಾಲು ಗಂಟೆ ಸಾಕು. ಆ ಕಾಲು ಗಂಟೆಯನ್ನು ಉಳಿಸಲು ಹೋಗಿ ಗ್ರಾಹಕರನ್ನು ಕಳೆದುಕೊಳ್ಳುವುದು ಜಾಣತನವಲ್ಲ.