‘ಬೋರ್ಡ್ ಹೋಗೈತಿ’ ಅಂದ್ರ ಯಾವ ಪಾರ್ಟ್ ಅಂತ ಕೇಳ್ರಿ

ನಮ್ಮ ಕೋರ್ಸು 4 ವರ್ಷದ್ದು. ನಾವು ತಗೊಳ್ಳೋ ಲ್ಯಾಪ್‌ಟಾಪಿನ ವಾರಂಟಿ ಸಾಮಾನ್ಯವಾಗಿ 1 ವರ್ಷದ್ದು. ಫಸ್ಟ್ ಇಯರ್‌ನಲ್ಲಿ ತಗೊಂಡ ಮಷೀನು ಮೂರನೇ ಸೆಮ್ ಶುರುವಾಗೋ ಹೊತ್ತಿಗೆ ವಾರಂಟಿ ಮುಗಿಸಿಕೊಂಡು ಕೂತಿರುತ್ತದೆ. ಆಮೇಲೆ ಏನೇ ಆದರೂ ಖರ್ಚು ನಮ್ಮದೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಮನೆಗಳಲ್ಲಿ ಆ ಲ್ಯಾಪ್‌ಟಾಪ್ ಬಂದಿರೋದು ಭತ್ತ ಮಾರಿದ ದುಡ್ಡಲ್ಲಿ, ಇಲ್ಲಾ ಅವ್ವ ಸಂಘದಲ್ಲಿ ಎತ್ತಿದ ಸಾಲದಲ್ಲಿ. ಅದು ಒಂದು ದಿನ ಪವರ್ ಬಟನ್ ಒತ್ತಿದರೂ ಏಳದೇ ಇದ್ದಾಗ ‘ಹೊಸದು ತಗೋ’ ಅಂತ ಹೇಳೋದು ಸುಲಭ. ಮನೆಗೆ ಫೋನ್ ಮಾಡಿ ಕೇಳೋದು ಸುಲಭ ಅಲ್ಲ.

ನಾನು ಹೇಳೋದಿಷ್ಟು. ಆನ್ ಆಗದ ಲ್ಯಾಪ್‌ಟಾಪ್‌ನಲ್ಲಿ ಕೆಟ್ಟಿರೋದು ಯಾವ ಪಾರ್ಟ್ ಅಂತ ಹುಡುಕೋ ಕೆಲಸ ಎಂಜಿನಿಯರಿಂಗ್ ಓದೋ ನಮಗೆ ಬರಬೇಕು. ಅದನ್ನು ಕಾಲೇಜು ಕಲಿಸಬೇಕು.

ನನ್ನ ರೂಮ್‌ಮೇಟ್ ಕುಷ್ಟಗಿ ಕಡೆಯವನು. ಹೋದ ಸೆಮ್‌ನಲ್ಲಿ ಅವನ ಲ್ಯಾಪ್‌ಟಾಪ್ ಬಂದ್ ಆಯ್ತು. ಒಂದು ದಿನ ಕ್ಲಾಸ್ ಬಿಟ್ಟು, ಬಸ್ಸು ಹಿಡಿದು, ದೊಡ್ಡ ಊರಿನ ಸರ್ವಿಸ್ ಸೆಂಟರ್‌ಗೆ ಹೋದ. ‘ಬೋರ್ಡ್ ಹೋಗಿದೆ, 26,000 ರೂಪಾಯಿ ಆಗುತ್ತೆ’ ಅಂದರು. ಅವನು ವಾಪಸ್ ಬಂದು ಎರಡು ವಾರ ಫೋನಿನಲ್ಲೇ ಕೋಡ್ ಬರೆದ. ಆಮೇಲೆ ಯಾರೋ ಹೇಳಿದರು ಅಂತ ಗಂಗಾವತಿಯ ಒಂದು ಸಣ್ಣ ಅಂಗಡಿಗೆ ಹೋದೆವು. ಅಂಗಡಿಯ ಅಣ್ಣ ಮೀಟರ್ ಹಿಡಿದು ನೋಡಿ, ‘ಮೇನ್ ಲೈನ್ ಶಾರ್ಟ್ ಐತ್ರಿ, ಬೋರ್ಡ್ ಚಲೋನೇ ಐತಿ’ ಅಂದರು. ಶಾರ್ಟ್ ಆಗಿದ್ದು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಸೆರಾಮಿಕ್ ಕೆಪ್ಯಾಸಿಟರ್. 1,500 ರೂಪಾಯಿಗೆ ಮಷೀನು ಎದ್ದು ಕೂತಿತು.

ಸರ್ವಿಸ್ ಸೆಂಟರ್‌ನವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಇಂಥ ಕಡೆ ಸಾಮಾನ್ಯವಾಗಿ ಕೆಟ್ಟ ಬೋರ್ಡ್ ತೆಗೆದು ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಅದರ ಮೇಲಿರೋ ನೂರಾರು ಪಾರ್ಟ್‌ಗಳಲ್ಲಿ ಒಂದನ್ನು ಹುಡುಕಿ ಕೂರೋದು ಅವರ ಕೆಲಸದ ರೀತಿ ಅಲ್ಲ. ಹಾಗಾಗಿ ಎರಡು ರೂಪಾಯಿಯ ಪಾರ್ಟ್ ಹೋದರೂ ಬಿಲ್ ಬರೋದು ಬೋರ್ಡಿಗೆ.

ಅಂಗಡಿಗೆ ಹೋಗೋ ಮುಂಚೆ ನಾವೇ ನೋಡಬಹುದಾದದ್ದೂ ಬಹಳ ಇದೆ. ಲೈಟು, ಫ್ಯಾನು ಏನೂ ಇಲ್ಲವಾ, ಅಥವಾ ಫ್ಯಾನ್ ತಿರುಗಿಯೂ ಸ್ಕ್ರೀನ್ ಕಪ್ಪಾ? ಇವೆರಡೂ ಬೇರೆ ಬೇರೆ ಕಾಯಿಲೆ. ಏನೂ ಇಲ್ಲ ಅಂದರೆ ಮೊದಲು ಚಾರ್ಜರ್ ನೋಡ್ರಿ. ಹಳೇ ರೌಂಡ್ ಪಿನ್‌ದಾದರೆ ಮೇಲೆ ಬರೆದಷ್ಟು ವೋಲ್ಟ್, ಬಹಳ ಸಲ 19ರ ಹತ್ತಿರ, ಮೀಟರ್‌ನಲ್ಲಿ ಬರಬೇಕು. ಟೈಪ್-ಸಿ ಆದರೆ ಮೀಟರ್ ಹಿಡಿದು ಹೇಳೋಕಾಗಲ್ಲ, ಅಷ್ಟೇ ವ್ಯಾಟ್‌ನ ಬೇರೆ ಚಾರ್ಜರ್ ಹಾಕಿ ನೋಡಬೇಕು. ಆಮೇಲೆ ಚಾರ್ಜರ್ ಕಿತ್ತು ಪವರ್ ಬಟನ್‌ನ್ನು 30 ಸೆಕೆಂಡ್ ಒತ್ತಿ ಹಿಡಿದು ಬಿಟ್ಟು, ಮತ್ತೆ ಆನ್ ಮಾಡಿ ನೋಡ್ರಿ. ಫ್ಯಾನ್ ಇದ್ದು ಸ್ಕ್ರೀನ್ ಇಲ್ಲ ಅಂದರೆ ಟಿವಿಗೆ ಎಚ್‌ಡಿಎಂಐ ಹಾಕಿ ನೋಡ್ರಿ. ಬ್ಯಾಟರಿ ಕನೆಕ್ಟರ್ ಬಿಚ್ಚಿ, ರ‍್ಯಾಮ್ ತೆಗೆದು ಒರೆಸಿ ಮತ್ತೆ ಕೂರಿಸಿದರೇ ಎದ್ದ ಮಷೀನುಗಳು ನಮ್ಮ ಹಾಸ್ಟೆಲ್‌ನಲ್ಲೇ ಇವೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಒತ್ತಬೇಡ್ರಿ, ಚುಚ್ಚಬೇಡ್ರಿ, ಗೊತ್ತಿದ್ದವರ ಕೈಗೆ ಕೊಡ್ರಿ.

ಲ್ಯಾಪ್‌ಟಾಪ್ ಏಳಲಿಲ್ಲ ಅಂದರೆ ಪ್ರಾಜೆಕ್ಟ್ ಫೈಲ್ ಹೋಯ್ತು ಅಂತಲೂ ಅಲ್ಲ. ಎಸ್‌ಎಸ್‌ಡಿ ಬಿಚ್ಚೋಕೆ ಬರೋ ಹಾಗಿದ್ದರೆ, ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಮಷೀನಿನಲ್ಲಿ ಓದಬಹುದು. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ರಿಕವರಿ ಕೀ ಬೇಕು. ಅದನ್ನು ಈಗಲೇ ಬರೆದಿಟ್ಟುಕೊಳ್ರಿ.

‘ಲೋಕಲ್ ಅಂಗಡಿಯವರು ಇನ್ನಷ್ಟು ಕೆಡಿಸಿಬಿಟ್ಟರೆ?’ ಅಂತ ಕೇಳೋರಿದ್ದಾರೆ. ಭಯ ಸುಳ್ಳಲ್ಲ. ಹೀಟ್ ಗನ್ ಹಿಡಿದು ಬೋರ್ಡ್ ಸುಟ್ಟುಬಿಡೋರೂ ಇದ್ದಾರೆ. ನೀರು ಬಿದ್ದು ಒಳಗೆಲ್ಲ ತುಕ್ಕು ಹಿಡಿದಿದ್ದರೆ, ಪ್ರೊಸೆಸರೇ ಹೋಗಿದ್ದರೆ, ರಿಪೇರಿಗೆ ದುಡ್ಡು ಹಾಕೋದರಲ್ಲಿ ಅರ್ಥ ಇಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದರೂ ಏನು ಕೆಟ್ಟಿದೆ ಅಂತ ಗೊತ್ತಿರಬೇಕಲ್ಲ? ನಾಲ್ಕು ಪ್ರಶ್ನೆ ಕೇಳೋಕೆ ಬರೋ ಹುಡುಗನಿಗೆ ಯಾವ ಅಂಗಡಿಯವರೂ ಸುಮ್ಮನೆ ಟೋಪಿ ಹಾಕೋಲ್ಲ.

ಸರ್ಕಾರವೂ ಈ ವಿಷಯಕ್ಕೆ ಕೈ ಹಾಕಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಜೊತೆಗೆ ಕೃಷಿ ಉಪಕರಣಗಳೂ ಅದರಲ್ಲಿವೆ. ಅಪ್ಪನ ಟ್ರ್ಯಾಕ್ಟರ್, ಮಗನ ಲ್ಯಾಪ್‌ಟಾಪ್ ಎರಡರ ಸಮಸ್ಯೆಯೂ ಒಂದೇ ಅಂತಾಯ್ತು. ಆದರೆ ಬೋರ್ಡಿನ ಸ್ಕೀಮ್ಯಾಟಿಕ್‌ನ್ನು ಹೊರಗಿನ ಮೆಕ್ಯಾನಿಕ್‌ಗೂ ಕೊಡಲೇಬೇಕು ಅನ್ನೋ ಕಾನೂನು ಬಂದಾಗಲೇ ಗಂಗಾವತಿಯ ಆ ಅಣ್ಣನಿಗೆ ನಿಜವಾದ ಉಪಯೋಗ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದದ್ದು ಎಲ್ಲರಿಗೂ ನೆನಪಿದೆ. ಹಳೇ ಡ್ಯಾಂ, ಕೆಟ್ಟಿತು ಅಂತ ಯಾರೂ ಕೈಬಿಡಲಿಲ್ಲ. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆಮೇಲೆ 33 ಗೇಟುಗಳನ್ನೂ ಬದಲಿಸೋ ತೀರ್ಮಾನ ಆಯ್ತು. ಬದಲಿಸೋದು ಗೇಟು, ಡ್ಯಾಂ ಹಾಗೇ ಇರುತ್ತದೆ. ಅದನ್ನು ನೋಡಿ ಎಂಜಿನಿಯರಿಂಗ್ ಅಂದರೆ ಇದು ಅಂತ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು.

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಸ್ಟೇಷನ್ ಇದೆ, ಕರೆಂಟ್ ಲಿಮಿಟ್ ಇಡೋಕೆ ಬರೋ ಪವರ್ ಸಪ್ಲೈ ಇದೆ. ಶಾರ್ಟ್ ಆದ ಲೈನಿಗೆ 1 ವೋಲ್ಟ್ ಕೊಟ್ಟರೆ ಕೆಟ್ಟ ಪಾರ್ಟ್ ತಾನೇ ಬಿಸಿಯಾಗಿ ಸಿಕ್ಕಿಬೀಳುತ್ತದೆ. ಓಮ್ಸ್ ಲಾ ಇದಕ್ಕಿಂತ ಚೆನ್ನಾಗಿ ಯಾವ ಎಕ್ಸ್‌ಪೆರಿಮೆಂಟ್‌ನಲ್ಲಿ ಅರ್ಥ ಆಗುತ್ತೆ ಹೇಳ್ರಿ? ತಿಂಗಳಿಗೊಂದು ಶನಿವಾರ ಎರಡು ತಾಸು ಲ್ಯಾಬ್ ತೆರೆದು, ಒಬ್ಬ ಲೆಕ್ಚರರ್ ಜೊತೆಗಿದ್ದು, ಊರಿನ ಒಬ್ಬ ಮೆಕ್ಯಾನಿಕ್‌ನ್ನು ಸಂಭಾವನೆ ಕೊಟ್ಟು ಕರೆಸಿದರೆ ಸಾಕು. ಟೆಕ್ ಫೆಸ್ಟ್ ಬ್ಯಾನರ್ ಖರ್ಚಿನಲ್ಲಿ ಇದು ಆಗುತ್ತದೆ.

ಈ ಮಾತನ್ನು ನಾನು ಮುಂದಿನ ಕ್ಲಬ್ ಮೀಟಿಂಗ್‌ನಲ್ಲಿ ಎತ್ತುತ್ತೇನೆ. ಅಲ್ಲಿಯವರೆಗೆ ನಿಮ್ಮ ಮನೆಯ ಅಟ್ಟದ ಮೇಲೆ ಏಳದ ಲ್ಯಾಪ್‌ಟಾಪ್ ಇದ್ದರೆ ಗುಜರಿಯವರಿಗೆ ಕೊಡಬೇಡ್ರಿ. ಚಾರ್ಜರ್ ಸಮೇತ ಎತ್ತಿಟ್ಟಿರ್ರಿ.