ಶರೀರವಿಲ್ಲದ ಶಾರೀರ

ಪುರಾಣಗಳಲ್ಲಿ ಅಶರೀರವಾಣಿಗೆ ಬರವಿಲ್ಲ. ತಂಗಿಯ ಮದುವೆಯ ರಥವನ್ನು ನಡೆಸುತ್ತಿದ್ದ ಕಂಸನ ಎದೆಯನ್ನು ನಡುಗಿಸಿದ್ದು ಅಂಥದೊಂದು ವಾಣಿಯೇ. ಆದರೆ ಅದು ನುಡಿಯಿತೇ ಹೊರತು ಹಾಡಲಿಲ್ಲ. ಹಾಡಬಲ್ಲ ಅಶರೀರವಾಣಿಯೊಂದು 2007ನೆಯ ಇಸವಿಯ ಆಗಸ್ಟ್ 31ರಂದು ಜಪಾನ್ ದೇಶದಲ್ಲಿ ಮಾರಾಟಕ್ಕೆ ಬಂದಿತು. ಹಾತ್ಸುನೆ ಮಿಕು ಎಂದು ಅದಕ್ಕೆ ನಾಮಕರಣವಾಗಿತ್ತು. ‘ಹಾತ್ಸು’ ಎಂದರೆ ಮೊದಲನೆಯದು. ‘ನೆ’ ಎಂದರೆ ನಾದ. ‘ಮಿಕು’ ಎಂಬುದರಲ್ಲಿ ಭವಿಷ್ಯದ ಅರ್ಥವಿದೆ. ಚಿತ್ರಕಾರರು ಈಕೆಗೆ ಹದಿನಾರರ ವಯಸ್ಸನ್ನೂ, ಹಸಿರು ನೀಲಿ ಬೆರೆತ ನೀಳವಾದ ಕೂದಲನ್ನೂ ಕೊಟ್ಟಿದ್ದಾರೆ. ಆದರೆ ಅದು ಚಿತ್ರ ಮಾತ್ರ. ಶರೀರವಿಲ್ಲ, ಇರುವುದೆಲ್ಲ ಶಾರೀರವೇ.

ಇದರಲ್ಲಿ ಮಾಯೆಯೇನೂ ಇಲ್ಲ. ಯಮಾಹಾ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ‘ವೊಕಲಾಯ್ಡ್’ ಎಂಬ ತಂತ್ರವೇ ಇದಕ್ಕೆ ಆಧಾರ. ಸಪ್ಪೊರೊ ನಗರದ ಕ್ರಿಪ್ಟನ್ ಸಂಸ್ಥೆಯವರು ಸಾಕಿ ಫುಜಿತಾ ಎಂಬ ನಟಿಯ ಕಂಠದಿಂದ ಹಾಡುಗಳನ್ನಲ್ಲ, ಬಿಡಿಬಿಡಿಯಾದ ಉಚ್ಚಾರಗಳನ್ನು ಮುದ್ರಿಸಿಕೊಂಡರು. ನಮ್ಮ ಕಾಗುಣಿತದ ಅಕ್ಷರಗಳನ್ನು ಒಂದೊಂದಾಗಿ ಹೇಳಿಸಿ ಡಬ್ಬಿಯಲ್ಲಿ ತುಂಬಿಟ್ಟಂತೆ ಎನ್ನಬಹುದು. ಹಾಡು ಕಟ್ಟುವವನು ಗಣಕಯಂತ್ರದ ತೆರೆಯ ಮೇಲೆ ಸ್ವರವನ್ನೂ ಅದರ ಕಾಲವನ್ನೂ ಗುರುತಿಸಿ, ಸ್ವರಕ್ಕೆ ತಕ್ಕ ಅಕ್ಷರವನ್ನು ಬರೆದರೆ ಯಂತ್ರವು ಅವನ್ನು ಪೋಣಿಸಿ ಹಾಡುತ್ತದೆ. ಎಲ್ಲಿ ಸ್ವರ ಕಂಪಿಸಬೇಕು, ಎಲ್ಲಿ ಮೆಲುವಾಗಬೇಕು ಎಂಬುದನ್ನು ಅವನೇ ತಿದ್ದಿ ತೀಡಬೇಕು.

ಸಂಗೀತಪ್ರಿಯರು ಇಲ್ಲಿ ತಟ್ಟನೆ ಕೇಳುವ ಪ್ರಶ್ನೆಯೊಂದುಂಟು: ನೋವು ನಲಿವುಗಳನ್ನು ಅರಿಯದ ಕಂಠದಲ್ಲಿ ಭಾವವೆಲ್ಲಿಂದ ಬಂದೀತು? ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಯಂತ್ರದಲ್ಲಿ ಹುಡುಕಿದರೆ ಸಿಗದು. ಅದನ್ನು ಮುಂದಿಟ್ಟುಕೊಂಡು ಕುಳಿತವರಲ್ಲಿ ಹುಡುಕಬೇಕು. ಮನಸ್ಸಿನಲ್ಲಿ ರಾಗವಿದ್ದು, ಹಾಡಿಸಲು ಗಾಯಕಿಯಿಲ್ಲದೆ, ಧ್ವನಿಮುದ್ರಣ ಸಂಸ್ಥೆಗಳ ಪರಿಚಯವೂ ಇಲ್ಲದೆ ಕೋಣೆಯೊಳಗೆ ಉಳಿದಿದ್ದ ತರುಣರ ಪಾಲಿಗೆ ಈ ಕಂಠ ವರವಾಯಿತು. ಅವರು ತಮ್ಮ ಕೃತಿಗಳನ್ನು ‘ನಿಕೊನಿಕೊ’ ಎಂಬ ಅಂತರಜಾಲ ತಾಣದಲ್ಲಿ ಲೋಕದ ಮುಂದಿಟ್ಟರು. ಅಂಥ ಹಾಡುಗಳಲ್ಲಿ ಕೆಲವನ್ನು ಇಲ್ಲಿ ಹೆಸರಿಸಿದೆ. ಹೊಸದಾಗಿ ಕೇಳುವವರು ಇದೇ ಕ್ರಮದಲ್ಲಿ ಕೇಳಿದರೆ ಕಿವಿ ಬೇಗನೆ ಹದಗೊಳ್ಳುತ್ತದೆ.

ಮೊದಲಿಗೆ ‘ಮೆಲ್ಟ್’. ರಿಯೊ ಎಂಬ ಹೆಸರಿನ ರಚನಕಾರರು 2007ರ ಡಿಸೆಂಬರಿನಲ್ಲಿ ಪ್ರಕಟಿಸಿದ ಹಾಡಿದು. ಮುಂಗೂದಲು ಕತ್ತರಿಸಿಕೊಂಡು ಸಿಂಗರಿಸಿಕೊಂಡ ಹುಡುಗಿ, ಅನಿರೀಕ್ಷಿತವಾಗಿ ಬಂದ ಮಳೆ, ಇಬ್ಬರಿಗೆ ಒಂದೇ ಕೊಡೆ, ಇಷ್ಟೇ ಇದರ ವಸ್ತು. ಅದುವರೆಗೆ ಮಿಕುವಿನ ಅನೇಕ ಹಾಡುಗಳು ಮಿಕುವನ್ನೇ ಕುರಿತವಾಗಿದ್ದವು. ಇಲ್ಲಿ ಯಂತ್ರದ ಕಂಠವು ಸಾಮಾನ್ಯ ಹುಡುಗಿಯೊಬ್ಬಳ ನಾಚಿಕೆಯನ್ನು ಹಾಡಿತು. ತರುವಾಯ ಎಷ್ಟೋ ಮಂದಿ ಹವ್ಯಾಸಿಗಳು ಅದನ್ನು ತಮ್ಮ ತಮ್ಮ ಕೊರಳಲ್ಲಿ ಹಾಡತೊಡಗಿದರು. ಮನುಷ್ಯರು ಯಂತ್ರದಿಂದ ಹಾಡು ಕಲಿತ ಈ ಸೋಜಿಗ ಗಮನಾರ್ಹ.

ಕಥೆಯನ್ನು ಮೆಚ್ಚುವ ಮನೆಮಂದಿಗೆ 2008ರ ‘ಆಕು ನೊ ಮೆಶಿತ್ಸುಕಾಯಿ’ ಹಿಡಿಸೀತು. ‘ದುಷ್ಟೆಯ ಸೇವಕ’ ಎಂದು ಇದರ ಅರ್ಥ. ರಚಿಸಿದವರು ಮೋತಿ ಎಂಬವರು; ಹಾಡುವುದು ಕಾಗಾಮಿನೆ ಲೆನ್ ಎಂಬ ಇನ್ನೊಂದು ಕೃತಕ ಕಂಠ. ಕ್ರೂರಿಯಾದ ರಾಜಕುಮಾರಿಗೆ ಅವಳ ಅವಳಿ ಸೋದರನೇ ಸೇವಕ. ಪ್ರಜೆಗಳು ದಂಗೆಯೆದ್ದಾಗ ಅವಳ ಉಡುಪನ್ನು ತಾನು ತೊಟ್ಟು ಅವಳ ಬದಲು ವಧಾಸ್ಥಾನಕ್ಕೆ ನಡೆಯುತ್ತಾನೆ. ಭಾಷೆ ತಿಳಿಯದವರೂ ಕಥೆಯನ್ನು ಮೊದಲೇ ತಿಳಿದು ಕೇಳಿದರೆ ಕಣ್ಣು ತೇವವಾಗದಿರದು.

ವೇಗವನ್ನು ಬಯಸುವವರಿಗೆ 2011ರ ‘ಸೆಂಬೊನ್‌ಜಾಕುರಾ’, ಅಂದರೆ ಸಾವಿರ ಚೆರ್ರಿಮರಗಳು. ಕುರೊಉಸಾ ಎಂಬುವರ ರಚನೆ. ಹಳೆಯ ಜಪಾನಿನ ಸ್ವರಚ್ಛಾಯೆಯೂ ಹೊಸ ಕಾಲದ ತಾಳವೂ ಇದರಲ್ಲಿ ಕೈಹಿಡಿದು ಓಡುತ್ತವೆ. 2014ರಲ್ಲಿ ವಗಕ್ಕಿ ಬ್ಯಾಂಡ್ ಎಂಬ ತಂಡವು ಕೊತೊ, ಶಾಮಿಸೆನ್, ಶಾಕುಹಾಚಿ ಮೊದಲಾದ ದೇಶೀವಾದ್ಯಗಳೊಡನೆ ಇದನ್ನು ಹಾಡಿ ಪ್ರಸಿದ್ಧಿ ಪಡೆಯಿತು. ಮರುವರ್ಷದ ಕೊನೆಯ ರಾತ್ರಿ, ಜಪಾನಿನ ಮನೆಮನೆಯಲ್ಲಿ ನೋಡುವ ಎನ್‌ಎಚ್‌ಕೆ ಸಂಸ್ಥೆಯ ಗಾಯನೋತ್ಸವದಲ್ಲಿ, ಹಿರಿಯ ಗಾಯಕಿ ಸಾಚಿಕೊ ಕೊಬಾಯಾಶಿಯವರು ಇದನ್ನೇ ಹಾಡಿದರು. ಹುಡುಗರ ಹುಚ್ಚು ಎನಿಸಿಕೊಂಡಿದ್ದ ಹಾಡು ಅಜ್ಜ ಅಜ್ಜಿಯರ ಪಡಸಾಲೆಗೂ ಬಂದು ಕುಳಿತಿತು.

ಗಂಭೀರವಾದ ಸಂಗೀತವನ್ನು ಬಯಸುವವರು ಇಸಾವೊ ತೊಮಿತಾ ಅವರ ‘ಇಹಾತೊವ್’ ಮಹಾಕೃತಿಯನ್ನು ಆಲಿಸಬೇಕು. ವಿದ್ಯುನ್ಮಾನ ಸಂಗೀತದಲ್ಲಿ ಲೋಕಪ್ರಸಿದ್ಧರಾಗಿದ್ದ ಈ ಹಿರಿಯರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, 2012ರ ನವೆಂಬರಿನಲ್ಲಿ, ಕವಿ ಕೆಂಜಿ ಮಿಯಾಜಾವಾ ಅವರ ಲೋಕವನ್ನು ವಸ್ತುವಾಗಿರಿಸಿಕೊಂಡು ಇದನ್ನು ಟೋಕಿಯೊದಲ್ಲಿ ನುಡಿಸಿದರು. ದೊಡ್ಡ ವಾದ್ಯವೃಂದ, ಮೇಳಗಾಯಕರು, ಅವರ ನಡುವೆ ಮಿಕು. ವಾದ್ಯಗಾರರು ಯಂತ್ರದ ಲಯಕ್ಕೆ ಕಟ್ಟುಬೀಳಬಾರದೆಂದು, ನಿರ್ದೇಶಕರ ಕೈಯ ಚಲನೆಗೆ ಮಿಕುವೇ ಹೊಂದಿಕೊಳ್ಳುವಂತೆ ವ್ಯವಸ್ಥೆ ಮಾಡಲಾಗಿತ್ತು. ಯಾರು ಯಾರಿಗೆ ಅಧೀನರಾಗಿರಬೇಕೆಂಬುದನ್ನು ಆ ವೃದ್ಧರು ಚೆನ್ನಾಗಿ ಬಲ್ಲವರಾಗಿದ್ದರು.

ಎರವಲು ಕಂಠದಲ್ಲಿ ಹಾಡಿಸುತ್ತಿದ್ದವರಲ್ಲಿ ಹಲವರಿಗೆ ಕ್ರಮೇಣ ತಮ್ಮ ಕೊರಳೇ ದೊರಕಿತು. ಹಾಚಿ ಎಂಬ ಹೆಸರಿನಲ್ಲಿ 2010ರಲ್ಲಿ ‘ಮಾತ್ರ್ಯೋಷ್ಕಾ’ ಎಂಬ ತಲೆ ತಿರುಗಿಸುವ ಹಾಡನ್ನು ಕಟ್ಟಿದವರು ಕೆನ್‌ಶಿ ಯೊನೆಜು. 2018ರಲ್ಲಿ ‘ಲೆಮನ್’ ಎಂಬ ಶೋಕಗೀತೆಯನ್ನು ಸ್ವಂತ ಧ್ವನಿಯಲ್ಲಿ ಹಾಡಿ ದೇಶದ ಅಗ್ರಗಾಯಕರ ಸಾಲಿನಲ್ಲಿ ನಿಂತರು.

ವೊವಾಕಾ ಎಂಬವರ ವೃತ್ತಾಂತ ಬೇರೆ ಬಗೆಯದು. ಮತ್ತೆ ಮತ್ತೆ ಸೋತು, ಉರುಳುತ್ತಲೇ ಇರುವ ಹುಡುಗಿಯ ಸಂಕಟವನ್ನು ಹೇಳುವ ‘ರೋಲಿಂಗ್ ಗರ್ಲ್’ 2010ರಲ್ಲಿ ಅವರಿಗೆ ಹೆಸರು ತಂದಿತು. ಆಮೇಲೆ ಅವರು ಹಿತೊರಿಎ ಎಂಬ ವಾದ್ಯತಂಡ ಕಟ್ಟಿ ತಾವೇ ಹಾಡತೊಡಗಿದರು. ಮಿಕುವಿಗೆ ಹತ್ತು ವರ್ಷ ತುಂಬಿದಾಗ, ಆರು ವರ್ಷಗಳ ಮೌನದ ತರುವಾಯ, 2017ರ ಆಗಸ್ಟಿನಲ್ಲಿ ಅವಳಿಗಾಗಿ ‘ಅನ್‌ನೋನ್ ಮದರ್ ಗೂಸ್’ ಎಂಬ ಹಾಡನ್ನು ಬರೆದರು. 2019ರ ಏಪ್ರಿಲಿನಲ್ಲಿ, ಮೂವತ್ತೊಂದರ ಹರೆಯದಲ್ಲಿಯೇ, ಅವರು ತೀರಿಕೊಂಡರು.

ಗಾಯಕರು ಕಣ್ಮರೆಯಾದ ಮೇಲೆ ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಮರುಗುವುದು ಲೋಕರೂಢಿ. ಇಲ್ಲಿ ಗಾಯಕಿಗೆ ಸಾವಿಲ್ಲ, ಮುಪ್ಪೂ ಇಲ್ಲ; ಅವಳು ಇಂದಿಗೂ ಹದಿನಾರರವಳೇ. ಆದರೆ ಆ ಹಾಡಿನಲ್ಲಿ ಸ್ವರ ಎಲ್ಲಿ ತಡವರಿಸಬೇಕು, ಎಲ್ಲಿ ಧಾವಿಸಬೇಕು ಎಂದು ಒಂದೊಂದು ಅಕ್ಷರವನ್ನೂ ಇಟ್ಟ ಕೈ ಇಂದಿಲ್ಲ. ಭಾವವು ಯಾರದೆಂಬ ಪ್ರಶ್ನೆಯನ್ನು ಇನ್ನೂ ಬಿಡದವರು ಈ ಹಾಡನ್ನು ಕಟ್ಟಕಡೆಗೆ, ದೀಪ ಸಣ್ಣದು ಮಾಡಿ, ಒಬ್ಬರೇ ಕುಳಿತು ಕೇಳಬೇಕು.